ವೈಟೂಕೆ ಭಯ ಮತ್ತು ಬಂಗಾರದ ಬೆಲೆ: ಒಂದು ತಪ್ಪುತ್ತರದಿಂದ ಬೆಳೆದ ಪಾಠ

1999ರ ಡಿಸೆಂಬರ್ ಎರಡನೆಯ ವಾರ. ಆಗ ನಾನು ಬಿ.ಇಡಿ. ಪ್ರಶಿಕ್ಷಣಾರ್ಥಿ. ಗದಗಿನಿಂದ ಬಸ್ಸಿನಲ್ಲಿ ಮುಂಡರಗಿಯ ಒಂದು ಪ್ರೌಢಶಾಲೆಗೆ ಅಭ್ಯಾಸ ಬೋಧನೆಗೆಂದು ಹೋಗಿಬರುತ್ತಿದ್ದೆ. ಅಂದು ಹತ್ತನೆಯ ತರಗತಿಗೆ ಹಣ ಮತ್ತು ಬ್ಯಾಂಕಿನ ಪಾಠ. ಹರ್ಬಾರ್ಟನ ಸೋಪಾನಗಳ ಪ್ರಕಾರ ಪ್ರವೇಶ, ನಿರೂಪಣೆ ಎಲ್ಲ ಮುಗಿಸಿ ಪುನರಾವರ್ತನೆಯ ಪ್ರಶ್ನೆಗಳಿಗೆ ಬಂದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ಜನವರಿ ಒಂದಕ್ಕ ಕಂಪ್ಯೂಟರ್ ಎಲ್ಲಾ ಬಂದ್ ಆಗ್ತಾವಂತ, ಖರೇನ್ರಿ? ಬ್ಯಾಂಕಿನ್ಯಾಗಿನ ರೊಕ್ಕ ತಗದು ಬಂಗಾರ ತಗೋಬೇಕಂತ ನಮ್ಮಪ್ಪ ಅನ್ನಾಕತ್ಯಾನ. ಬಂಗಾರದ ರೇಟು ಏರತೈತೇನ್ರಿ?”

ಹಿಂದೆ ಕುರ್ಚಿಯಲ್ಲಿ ಕುಳಿತು ಮೇಲ್ವಿಚಾರಕರು ಪಾಠ ವೀಕ್ಷಿಸುತ್ತಿದ್ದರು. ತಡವರಿಸಿದರೆ ಅಂಕ ಹೋಗುತ್ತದೆ ಎಂಬ ಅಳುಕು ನನಗೆ. “ಹೌದು, ಜನರಿಗೆ ಹೆದರಿಕೆಯಾದಾಗ ಬಂಗಾರ ಕೊಳ್ಳುತ್ತಾರೆ. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ. ಆದ್ದರಿಂದ ಏರುತ್ತದೆ” ಎಂದು ಗಟ್ಟಿಯಾಗಿ ಹೇಳಿದೆ. ವೀಕ್ಷಣಾ ಪುಸ್ತಕದಲ್ಲಿ ಆ ದಿನದ ಟಿಪ್ಪಣಿ ಹೀಗಿತ್ತು: ವಿದ್ಯಾರ್ಥಿಯ ಪ್ರಶ್ನೆಗೆ ಆತ್ಮವಿಶ್ವಾಸದಿಂದ ಉತ್ತರಿಸಿದ್ದಾರೆ, ಉತ್ತಮ.

ಹುಡುಗ ನನ್ನ ಉತ್ತರವನ್ನು ಮನೆಗೆ ಒಯ್ದ. ವರ್ಷದ ಕೊನೆಯ ವಾರದಲ್ಲಿ ಅವನ ತಂದೆ ಪಾಸ್‌ಬುಕ್ಕಿನಲ್ಲಿದ್ದ ಹತ್ತು ಸಾವಿರ ತೆಗೆದು, ಮೇಲಿಷ್ಟು ಸೇರಿಸಿ, ಎರಡು ತೊಲಿ ಸರ ಮಾಡಿಸಿದ. ಮುಂದಿನ ವರ್ಷ ಮಗನನ್ನು ಗದಗಿನಲ್ಲಿಟ್ಟು ಓದಿಸಲೆಂದು ಕೂಡಿಟ್ಟ ಹಣ ಅದು. ಇದೆಲ್ಲ ನನಗೆ ತಿಳಿದದ್ದು ಜೂನ್ ತಿಂಗಳಲ್ಲಿ, ಬಸ್ ನಿಲ್ದಾಣದಲ್ಲಿ ಆ ಹುಡುಗ ಅಕಸ್ಮಾತ್ ಸಿಕ್ಕಾಗ. ಮೇ ಕೊನೆಯಲ್ಲಿ ಸರ ಮಾರಿದ್ದರು. ಕೊಟ್ಟದ್ದಕ್ಕಿಂತ ಸುಮಾರು 1,100 ರೂಪಾಯಿ ಕಡಿಮೆ ಬಂದಿತ್ತು. ಹಾಸ್ಟೆಲ್ಲಿನ ಕಂತು ಹೊಂದಲಿಲ್ಲ, ಅವನು ಊರಲ್ಲೇ ಕಾಲೇಜಿಗೆ ಸೇರಿದ್ದ. ಅದೊಂದೇ ಕಾರಣ ಎನ್ನಲಾರೆ, ಮನೆಯಲ್ಲಿ ಬೇರೆ ತಾಪತ್ರಯಗಳೂ ಇದ್ದವು. ಆದರೆ “ನೀವು ಹೇಳಿದ್ರಲ್ರಿ ಸರ್” ಎಂದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಆ ಉತ್ತರದಲ್ಲಿ ತಪ್ಪಿದ್ದು ಎಲ್ಲಿ ಎಂದು ಹುಡುಕುತ್ತ ಹೋದಾಗ ಸಿದ್ಧವಾದದ್ದೇ ಈ ಪಾಠ. ಹತ್ತನೆಯ ತರಗತಿಯ ‘ಬ್ಯಾಂಕ್ ವ್ಯವಹಾರಗಳು’ ಘಟಕಕ್ಕೆ ಪೂರಕವಾಗಿ ಇದನ್ನು ಹಲವು ತಂಡಗಳಿಂದ ಮಾಡಿಸಿದ್ದೇನೆ. ಈ ಸಲ ನಾಲ್ವರು ಪ್ರಶಿಕ್ಷಣಾರ್ಥಿಗಳು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಶಾಲೆಗಳಲ್ಲಿ ಇದನ್ನು ಬೋಧಿಸಿದರು. ನಾಲ್ಕೂ ಕಡೆ ಹಿಂದೆ ಕುಳಿತು ನೋಡಿದೆ.

ಪ್ರವೇಶಕ್ಕೆ ಬೇಕಾದ ಸಾಮಗ್ರಿ ಒಂದು ಹಳೆಯ ರಸೀದಿ ಪುಸ್ತಕ. ಗದಗು ಮುದ್ರಣಕ್ಕೆ ಹೆಸರಾದ ಊರು, ಇಂಥದ್ದು ಇಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ದಿನಾಂಕದ ಜಾಗದಲ್ಲಿ ‘19’ ಎಂದು ಮೊದಲೇ ಅಚ್ಚಾಗಿ, ಮುಂದೆ ಎರಡು ಅಂಕಿಗೆ ಖಾಲಿ ಜಾಗ ಬಿಟ್ಟಿರುತ್ತದೆ. ಇದನ್ನು ಮಕ್ಕಳ ಕೈಗೆ ಕೊಟ್ಟು, 2000ನೇ ಇಸವಿ ಬಂದಾಗ ಗುಮಾಸ್ತರು ಏನು ಮಾಡಿರಬೇಕು ಎಂದು ಕೇಳಬೇಕು. “19 ಹೊಡದ್ಹಾಕಿ 2000 ಬರದಿರ್ತಾರ್ರಿ” ಎಂಬ ಉತ್ತರ ಯಾವ ಶಾಲೆಯಲ್ಲೂ ತಡವಾಗಿಲ್ಲ. ಹಳೆಯ ಕಂಪ್ಯೂಟರುಗಳಲ್ಲಿಯೂ ಇದೇ ಮಿತವ್ಯಯ ನಡೆದಿತ್ತು. ನೆನಪಿನ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆದಿಡುತ್ತಿದ್ದರು. ‘00’ ಬಂದಾಗ ಅದು 1900 ಎಂದು ತಿಳಿದರೆ ಬಡ್ಡಿ, ವಯಸ್ಸು, ಅವಧಿ ಎಲ್ಲದರ ಲೆಕ್ಕವೂ ಕೆಡುತ್ತದೆ. ಗುಮಾಸ್ತನ ಕೈ ತಾನಾಗಿ ‘19’ ಅನ್ನು ಹೊಡೆದುಹಾಕುತ್ತದೆ, ಕಂಪ್ಯೂಟರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಟ್ಟವರಲ್ಲಿ ಬೆಂಗಳೂರಿನ ಎಂಜಿನಿಯರುಗಳು ಸಾವಿರಗಟ್ಟಲೆ ಇದ್ದರು. ಹೊರದೇಶದ ಕಂಪನಿಗಳ ಹಳೆಯ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ತಿದ್ದಿದ ಆ ಕೆಲಸದಿಂದಲೇ ನಮ್ಮ ಸಾಫ್ಟ್‌ವೇರ್ ಉದ್ಯಮಕ್ಕೆ ದೊಡ್ಡ ಗಿರಾಕಿಗಳು ದೊರೆತರು. ಅಂದರೆ ಭಯ ಆಧಾರವಿಲ್ಲದ್ದಾಗಿರಲಿಲ್ಲ. ‘ಅದೆಲ್ಲ ಬರೀ ಗಾಳಿಸುದ್ದಿ’ ಎಂದು ಪ್ರಶಿಕ್ಷಣಾರ್ಥಿಗಳು ಹೇಳಿಬಿಡಬಾರದು.

ಇಲ್ಲಿ ಒಂದು ಸ್ಥಳೀಯ ಪ್ರಶ್ನೆ ಹಾಕುವುದು ಒಳ್ಳೆಯದು: ಆ ವರ್ಷ ತಾಲೂಕು ಊರಿನ ಬ್ಯಾಂಕಿನಲ್ಲಿ ಕಂಪ್ಯೂಟರ್ ಇತ್ತೇ? ಮನೆಯಲ್ಲಿ ಅಜ್ಜ-ಅಜ್ಜಿಯರನ್ನು ಕೇಳಿಬರಲು ಹಿಂದಿನ ದಿನವೇ ಹೇಳಿರಬೇಕು. ದಪ್ಪ ಲೆಡ್ಜರು, ಕೈಯಲ್ಲಿ ಬರೆದ ಪಾಸ್‌ಬುಕ್ಕು, ಹಿತ್ತಾಳೆಯ ಟೋಕನ್ನು ಎಂದೇ ಬಹುತೇಕ ಮಕ್ಕಳು ಬರೆದು ತರುತ್ತಾರೆ. ಕಾಗದದ ಲೆಕ್ಕದ ಮೇಲಿನ ನಂಬಿಕೆ ಗದಗಿಗೆ ಹೊಸದಲ್ಲ. ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಮುಂಡರಗಿಯ ಆ ತಂದೆ ಹೆದರಿದ್ದು ತನ್ನ ಬ್ಯಾಂಕಿನಲ್ಲಿ ಇಲ್ಲವೇ ಇಲ್ಲದ ಯಂತ್ರಕ್ಕೆ. ಇದ್ದಿದ್ದರೂ ಒಂದು ಲಕ್ಷದವರೆಗಿನ ಠೇವಣಿಗೆ ಅಂದು ವಿಮೆಯಿತ್ತು (ಈಗ, 2020ರ ಫೆಬ್ರವರಿಯಿಂದ, 5 ಲಕ್ಷ). ಇಷ್ಟನ್ನು ಆ ದಿನ ಹೇಳಿದ್ದರೆ ಸಾಕಿತ್ತು. ನನಗೇ ಗೊತ್ತಿರಲಿಲ್ಲ.

ಪಾಠದ ತಿರುಳು ಇರುವುದು ಮುಂದಿನ ಚಟುವಟಿಕೆಯಲ್ಲಿ. ಉದ್ದನೆಯ ಕಾಗದದ ಪಟ್ಟಿಯ ಮೇಲೆ ಲಂಡನ್ ಮಾರುಕಟ್ಟೆಯ ಬಂಗಾರದ ದರವನ್ನು ಔನ್ಸಿಗೆ ಇಷ್ಟು ಡಾಲರ್ ಎಂದು ಬರೆದಿರುತ್ತೇವೆ, ಪೂರ್ಣಾಂಕಗಳಲ್ಲಿ: 1999ರ ಮೇ 7ಕ್ಕೆ 282, ಜುಲೈ 20ಕ್ಕೆ 253, ಆಗಸ್ಟ್ ಕೊನೆಗೆ 255, ಅಕ್ಟೋಬರ್ 5ಕ್ಕೆ 325, ಡಿಸೆಂಬರ್ ಕೊನೆಗೆ 290. ಆಮೇಲೆ 2000ದ ಮೇ ಕೊನೆಗೆ 272, ಆ ವರ್ಷದ ಕೊನೆಗೆ 274, 2001ರ ಏಪ್ರಿಲ್ ಮೊದಲಲ್ಲಿ 256. ಪಟ್ಟಿಯ ಮೇಲೆ ಯಾವ ಘಟನೆಯನ್ನೂ ಬರೆದಿರುವುದಿಲ್ಲ. ಗುಂಪಿಗೊಂದು ಪಟ್ಟಿ ಕೊಟ್ಟು, ಕಂಪ್ಯೂಟರ್ ಭಯದಿಂದ ದರ ಏರಿದ್ದು ಎಲ್ಲಿ ಎಂದು ಗುರುತು ಮಾಡಲು ಹೇಳಬೇಕು.

ಎಲ್ಲ ಗುಂಪುಗಳೂ ಅಕ್ಟೋಬರಿನ 325ರ ಮೇಲೆ ಬೆರಳಿಡುತ್ತವೆ. ಇಡಲಿ. ಬೆಟಗೇರಿಯಲ್ಲಿ ಒಬ್ಬ ಹುಡುಗ ಕಾರಣವನ್ನೂ ಕೊಟ್ಟ: “ಇನ್ನ ಮೂರ ತಿಂಗಳ ಉಳದಿತ್ತಲ್ರಿ, ಶಾಣ್ಯಾರು ಮೊದಲ ತಗೊಂಡಾರ.” ಕೇಳಲು ಎಷ್ಟು ಚೆನ್ನಾಗಿದೆ! ನನ್ನ 1999ರ ಉತ್ತರಕ್ಕೂ ಇಷ್ಟೇ ತರ್ಕವಿತ್ತು.

ಆಮೇಲೆ ಘಟನೆಗಳ ಚೀಟಿಗಳನ್ನು ಒಂದೊಂದಾಗಿ ಹಂಚಬೇಕು. ಮೊದಲನೆಯದು: 1999ರ ಮೇ 7ರಂದು ಬ್ರಿಟನ್ ಸರಕಾರ ತನ್ನ ಸುಮಾರು 715 ಟನ್ ಸಂಗ್ರಹದಲ್ಲಿ 415 ಟನ್ ಬಂಗಾರವನ್ನು ಹರಾಜಿನಲ್ಲಿ ಮಾರುವುದಾಗಿ ಪ್ರಕಟಿಸಿತು. ಎರಡನೆಯದು: ಮೇಯಿಂದ ಜುಲೈವರೆಗೆ ಕಾರ್ಗಿಲ್ ಯುದ್ಧ. ಮೂರನೆಯದು: ಸೆಪ್ಟೆಂಬರ್ 26ರಂದು ವಾಷಿಂಗ್ಟನ್ನಿನಲ್ಲಿ ಯೂರೋಪಿನ 15 ಕೇಂದ್ರ ಬ್ಯಾಂಕುಗಳು ಒಪ್ಪಂದ ಮಾಡಿಕೊಂಡು, ಮುಂದಿನ ಐದು ವರ್ಷಗಳಲ್ಲಿ ಒಟ್ಟು 2,000 ಟನ್ನಿಗಿಂತ ಹೆಚ್ಚು ಮಾರುವುದಿಲ್ಲ ಎಂದು ಘೋಷಿಸಿದವು. ನಾಲ್ಕನೆಯದು: ಜನ ನಗದಿಗೆ ಮುಗಿಬೀಳಬಹುದೆಂದು ಅಮೆರಿಕದ ಕೇಂದ್ರ ಬ್ಯಾಂಕು ಹೆಚ್ಚುವರಿಯಾಗಿ 5,000 ಕೋಟಿ ಡಾಲರ್ ನೋಟು ಸಿದ್ಧವಿಟ್ಟಿತು. ಐದನೆಯದು: 2000ದ ಜನವರಿ 1, ಶನಿವಾರ. ಅಲ್ಲಲ್ಲಿ ಸಣ್ಣಪುಟ್ಟ ದೋಷಗಳ ಹೊರತು ಎಲ್ಲವೂ ನಡೆಯಿತು.

ಚೀಟಿಗಳನ್ನು ಪಟ್ಟಿಯ ಮೇಲೆ ಹೊಂದಿಸುವಾಗ ತರಗತಿಯಲ್ಲಿ ಗದ್ದಲ ಏಳುತ್ತದೆ. ಅದು ಒಳ್ಳೆಯ ಗದ್ದಲ, ತಡೆಯಬಾರದು. ಅಕ್ಟೋಬರಿನ ಏರಿಕೆಯ ಪಕ್ಕದಲ್ಲೇ ವಾಷಿಂಗ್ಟನ್ ಚೀಟಿ ಬಂದು ಕೂರುತ್ತದೆ. ಕೇಂದ್ರ ಬ್ಯಾಂಕುಗಳು ಗೋದಾಮು ಖಾಲಿ ಮಾಡುತ್ತವೆ ಎಂಬ ಅಂಜಿಕೆಯಿಂದ ಕುಸಿದಿದ್ದ ದರ, ಮಿತಿ ಮೀರಿ ಮಾರುವುದಿಲ್ಲ ಎಂಬ ಮಾತು ಸಿಕ್ಕ ಕೂಡಲೇ ಹತ್ತೇ ದಿನದಲ್ಲಿ ಜಿಗಿಯಿತು. ಕಂಪ್ಯೂಟರ್ ಭಯ ತುತ್ತತುದಿಯಲ್ಲಿದ್ದ ಡಿಸೆಂಬರಿನಲ್ಲಿ ದರ ಅಕ್ಟೋಬರಿಗಿಂತ ಕೆಳಗೇ ಇತ್ತು. ಮಕ್ಕಳನ್ನು ಹೆಚ್ಚು ಬೆರಗುಗೊಳಿಸುವುದು ಕಾರ್ಗಿಲ್ ಚೀಟಿ. ಯುದ್ಧ ಅಂದರೆ ಬಂಗಾರ ಏರಲೇಬೇಕು ಎಂದು ನಂಬಿದವರಿಗೆ, ನಮ್ಮ ಗಡಿಯಲ್ಲಿ ಗುಂಡು ಹಾರುತ್ತಿದ್ದ ತಿಂಗಳುಗಳಲ್ಲೇ ದರ ಇಪ್ಪತ್ತು ವರ್ಷಗಳಲ್ಲಿ ಕಾಣದಷ್ಟು ಕೆಳಗಿಳಿದದ್ದು ಕಣ್ಣೆದುರೇ ಇರುತ್ತದೆ.

ನಾನು ಹುಡುಗನಿಗೆ ಹೇಳಿದ ವಾಕ್ಯವನ್ನು ಈಗ ಕಪ್ಪುಹಲಗೆಯ ಮೇಲೆ ಬರೆದು ಅದರ ಕೊಂಡಿಗಳನ್ನು ಪರೀಕ್ಷಿಸಬೇಕು. ಹೆದರಿದವರು ಬಂಗಾರವನ್ನೇ ಕೊಳ್ಳುತ್ತಾರೆಯೇ? ಹೆದರಿದವನಿಗೆ ಮೊದಲು ಬೇಕಾಗುವುದು ಕೈಯಲ್ಲಿ ನೋಟು, ಮನೆಯಲ್ಲಿ ಜೋಳ, ಡಬ್ಬಿಯಲ್ಲಿ ಚಿಮಣಿ ಎಣ್ಣೆ. ಅಮೆರಿಕ ಸಿದ್ಧಮಾಡಿಟ್ಟದ್ದೂ ನೋಟುಗಳನ್ನೇ. ಒಂದಿಷ್ಟು ಜನ ನಾಣ್ಯ, ಸರ ಕೊಂಡರು ಎಂದೇ ಇಟ್ಟುಕೊಳ್ಳೋಣ, ಅದೆಷ್ಟು ತೂಕ? ಎದುರಿಗೆ ಮಾರಲು ನಿಂತವರು ನೂರಾರು ಟನ್ನಿನ ಒಡೆಯರು. ಬೇಡಿಕೆಯ ಗೆರೆಯನ್ನಷ್ಟೇ ಎಳೆದು ಪೂರೈಕೆಯ ಗೆರೆಯನ್ನು ಮರೆತದ್ದು ನನ್ನ ತಪ್ಪು. ಅರ್ಥಶಾಸ್ತ್ರದಲ್ಲಿ ಪದವಿ ಮಾಡಿದವನಿಗೆ ಇದು ನಾಚಿಕೆಯ ಸಂಗತಿಯೇ. ಇನ್ನೊಂದು ಮಾತು: ಎಲ್ಲರಿಗೂ ಮೊದಲೇ ದಿನಾಂಕ ಗೊತ್ತಿರುವ ಭಯ ಒಂದೇ ದಿನ ಬೆಲೆಗೆ ಬಂದು ಬೀಳುವುದಿಲ್ಲ. ಕೊಳ್ಳುವವರು ಮೊದಲೇ ಕೊಂಡಿರುತ್ತಾರೆ, ಏನೂ ಆಗದಿದ್ದರೆ ಮರುದಿನ ಮಾರುವವರೂ ಅವರೇ.

ಬೆಳ್ಳಿಯ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಆ ವರ್ಷ ಅದು ಔನ್ಸಿಗೆ 5 ಡಾಲರಿನ ಆಸುಪಾಸಿನಲ್ಲೇ ಇತ್ತು. ನಿಜಕ್ಕೂ ಓಡಿದ ಲೋಹ ಪಲ್ಲೇಡಿಯಂ. ಮೋಟಾರು ವಾಹನಗಳ ಹೊಗೆ ಶುದ್ಧಿಗೆ ಬಳಸುವ ಈ ಲೋಹ ರಷ್ಯಾದಿಂದ ಸರಿಯಾಗಿ ಬಾರದೆ 2001ರ ಜನವರಿಯಲ್ಲಿ 1,000 ಡಾಲರ್ ದಾಟಿತು. ಅದಕ್ಕೂ ಕಂಪ್ಯೂಟರಿಗೂ ಸಂಬಂಧವಿಲ್ಲ.

ಲಂಡನ್ನಿನ ಡಾಲರ್ ದರ ಮುಂಡರಗಿಯ ಅಂಗಡಿಗೆ ಹೇಗೆ ತಲುಪುತ್ತದೆ ಎಂಬ ಲೆಕ್ಕವನ್ನು ಬಿಡಬಾರದು. ಇಲ್ಲಿಯೇ ಗಣಿತದ ಶಿಕ್ಷಕರ ನೆರವು ಪಡೆಯಬಹುದು. ಒಂದು ಔನ್ಸ್ ಎಂದರೆ 31.1 ಗ್ರಾಂ. 290ನ್ನು 31.1ರಿಂದ ಭಾಗಿಸಿದರೆ ಗ್ರಾಂಗೆ 9.32 ಡಾಲರ್. ಆಗ ಡಾಲರಿಗೆ ಸುಮಾರು 43.5 ರೂಪಾಯಿ, ಅಂದರೆ ಗ್ರಾಂಗೆ 405, ಹತ್ತು ಗ್ರಾಂಗೆ ಸುಮಾರು 4,050. ಅದರ ಮೇಲೆ ಹತ್ತು ಗ್ರಾಂಗೆ 400 ರೂಪಾಯಿ ಆಮದು ಸುಂಕ. ಒಟ್ಟು 4,450. ಎರಡು ತೊಲಿ, ಅಂದರೆ 23.3 ಗ್ರಾಂಗೆ ಸುಮಾರು 10,370. ಅದರ ಮೇಲೆ ಮಜೂರಿ. ಇದೇ ರೀತಿ 272 ಡಾಲರಿಗೆ, ರೂಪಾಯಿಯ ಬೆಲೆ ತುಸು ಇಳಿದದ್ದನ್ನೂ ಸೇರಿಸಿ ಲೆಕ್ಕ ಮಾಡಿದರೆ ಮೇ ತಿಂಗಳ ದರ ಬರುತ್ತದೆ. ದರ ಇಳಿದದ್ದರಿಂದ ಹೋದದ್ದು 400 ರೂಪಾಯಿಯ ಆಚೀಚೆ, ಉಳಿದದ್ದೆಲ್ಲ ಮಜೂರಿ ಮತ್ತು ಸವಕಳಿಯಲ್ಲಿ ಹೋಯಿತು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಮುಂಡರಗಿಯ ಪಾಠದಲ್ಲಿ ಒಬ್ಬ ಹುಡುಗಿ ಲೆಕ್ಕ ಮುಗಿಸಿ ತಲೆಯೆತ್ತಿ, “ಸರ ಮಾಡಸಬಾರದಿತ್ರಿ, ಗಟ್ಟಿ ಇಡಬೇಕಿತ್ತು” ಎಂದಳು. ಪ್ರಶಿಕ್ಷಣಾರ್ಥಿಯ ಪಾಠ ಯೋಜನೆಯಲ್ಲಿ ಈ ಅಂಶವೇ ಇರಲಿಲ್ಲ.

ಹಳೆಯ ಕಥೆಯೊಂದೇ ಸಾಲದು ಎಂಬವರಿಗೆ ಇತ್ತೀಚಿನ ಉದಾಹರಣೆ ಇದೆ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ತಪ್ಪು ನವೀಕರಣದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ವೈಟೂಕೆಯಲ್ಲಿ ಊಹಿಸಿ ಹೆದರಿದ್ದರ ಒಂದು ತುಣುಕು ಅಂದು ನಿಜವಾಗಿ ನಡೆಯಿತು. ಬಂಗಾರ? ಎರಡು ದಿನ ಹಿಂದಷ್ಟೇ ದಾಖಲೆಯ ಎತ್ತರ ಮುಟ್ಟಿದ್ದ ದರ ಅಂದು ಇಳಿಯಿತು, ಲಾಭ ಕಂಡವರು ಮಾರಿದ್ದರಿಂದ. ನಾಲ್ಕು ದಿನ ಬಿಟ್ಟು, ಜುಲೈ 23ರ ಬಜೆಟ್ಟಿನಲ್ಲಿ ಬಂಗಾರದ ಮೇಲಿನ ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದಾಗ ನಮ್ಮಲ್ಲಿ ಹತ್ತು ಗ್ರಾಂಗೆ ಸಾವಿರಗಟ್ಟಲೆ ರೂಪಾಯಿ ಕಡಿಮೆಯಾಯಿತು. ಬೆಟಗೇರಿಯ ತರಗತಿಯಲ್ಲಿ 19ರ ಘಟನೆ ಒಬ್ಬರಿಗೂ ನೆನಪಿರಲಿಲ್ಲ. 23ರದ್ದು ಹಲವರಿಗೆ ನೆನಪಿತ್ತು, ಅವ್ವ ಅಕ್ಕ ಅಂಗಡಿಗೆ ಓಡಿದ್ದರಂತೆ.

ಲಕ್ಷ್ಮೇಶ್ವರದಲ್ಲಿ ಪಾಠ ಬೇರೆ ದಾರಿ ಹಿಡಿಯಿತು. ಪ್ರಶಿಕ್ಷಣಾರ್ಥಿ ಗಡಿಬಿಡಿಯಲ್ಲಿ ಘಟನೆಗಳ ಚೀಟಿಗಳನ್ನು ದರಪಟ್ಟಿಗಿಂತ ಮೊದಲೇ ಹಂಚಿಬಿಟ್ಟಳು. ಮಕ್ಕಳು ವಿಧೇಯರಾಗಿ ಸರಿಯುತ್ತರ ಬರೆದರು. ಊಹಿಸುವ, ತಪ್ಪುವ ಅವಕಾಶವೇ ಸಿಗದೆ ಚಟುವಟಿಕೆ ಸಪ್ಪೆಯಾಯಿತು. ಕ್ರಮ ಬದಲಾದರೆ ಪಾಠ ಸಾಯುತ್ತದೆ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದೆ. ಆದರೆ ಕೊನೆಗೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ಉಳಿದ ಮೂರು ಊರಿನಲ್ಲೂ ಬಂದಿರಲಿಲ್ಲ: “ಮೊಬೈಲ್ ನೆಟ್ ಹೋದ್ರ ಇವತ್ತಿನ ಬಂಗಾರದ ರೇಟ್ ಯಾರ ಹೇಳ್ತಾರ್ರಿ?” ಸರಾಫರಿಗೆ ದರ ಬರುವುದು ಫೋನಿನಲ್ಲಿ, ಗಿರಾಕಿ ಹಣ ಕೊಡುವುದು ಫೋನಿನಿಂದ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಗೆ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಗುರುತನ್ನು ಪರೀಕ್ಷಿಸುವುದೂ ಫೋನಿನಲ್ಲೇ. ಕಂಪ್ಯೂಟರ್ ಕೆಟ್ಟರೆ ಬಂಗಾರದ ಬೆಲೆ ಏರುತ್ತದೋ ಇಳಿಯುತ್ತದೋ ಎನ್ನುವುದಕ್ಕಿಂತ ಮೊದಲು ಬೆಲೆ ಎಂಬುದೇ ಒಂದಿಷ್ಟು ಹೊತ್ತು ಕಾಣೆಯಾಗಬಹುದು. ಈ ಪ್ರಶ್ನೆಯನ್ನು ಮುಂದಿನ ವರ್ಷದಿಂದ ಪಾಠಕ್ಕೇ ಸೇರಿಸಿದ್ದೇನೆ.

ನಮ್ಮ ಚರ್ಚಾ ಗೋಷ್ಠಿಯಲ್ಲಿ ಪ್ರತಿ ವರ್ಷ ಏಳುವ ಆಕ್ಷೇಪವೊಂದನ್ನು ಮುಚ್ಚಿಡಲಾರೆ. “ಸರ್, 2025ರಲ್ಲಿ ಹತ್ತು ಗ್ರಾಂಗೆ ಒಂದು ಲಕ್ಷ ದಾಟಿತು. ಆ ತಂದೆ ಸರ ಮಾರದೆ ಇಟ್ಟಿದ್ದರೆ ನಿಮ್ಮ ಉತ್ತರ ಸರಿಯೇ ಆಗುತ್ತಿತ್ತಲ್ಲ?” ಇಟ್ಟಿದ್ದರೆ ಅವನಿಗೆ ಲಾಭವಾಗುತ್ತಿತ್ತು, ನಿಜ. ಆದರೆ ನನ್ನನ್ನು ಕೇಳಿದ್ದು ಜನವರಿ ಒಂದರ ಬಗ್ಗೆ, ನಾನು ಕೊಟ್ಟ ಕಾರಣ ಕಂಪ್ಯೂಟರ್. ಮುಂದಿನ ವರ್ಷವೇ ಕೋಲಾರವನ್ನು ನೋಡಿ: ಮೂರು ಕಿಲೋಮೀಟರಿಗಿಂತ ಆಳದಿಂದ ಅದಿರು ಎತ್ತುವ ವೆಚ್ಚಕ್ಕೆ ಮಾರುಕಟ್ಟೆಯ ದರ ಸಾಲದೆ, 2001ರ ಫೆಬ್ರವರಿ 28ರಂದು ಅಲ್ಲಿನ ಗಣಿ ಮುಚ್ಚಿತು. ಜೂನ್ ತಿಂಗಳಲ್ಲಿ ಕಂತು ಕಟ್ಟಬೇಕಾದವನಿಗೆ ಇಪ್ಪತ್ತೈದು ವರ್ಷ ಕಾಯಿರಿ ಎನ್ನುವುದು ಉತ್ತರವಲ್ಲ. ಈ ವಾದ ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ, ಆಗಬೇಕೆಂದೂ ಇಲ್ಲ. ಮಕ್ಕಳ ಮುಂದೆಯೂ ಎರಡೂ ಕಡೆಯನ್ನು ಇಟ್ಟು ಬಿಡಬಹುದು.

ಮೌಲ್ಯಮಾಪನಕ್ಕೆ ನಾನು ಬಾಯಿಪಾಠದ ಪ್ರಶ್ನೆ ಕೊಡುವುದಿಲ್ಲ. ಆ ವಾರ ಊರಿನಲ್ಲಿ ಕೇಳಿದ ಒಂದು ಬೆಲೆಯ ಸುದ್ದಿಯನ್ನು ಬರೆದು, ಯಾರು ಕೊಳ್ಳುತ್ತಾರೆ, ಯಾರು ಮಾರುತ್ತಾರೆ, ಎಷ್ಟು ಎಂದು ವಿಚಾರಿಸಿ ತರಲು ಹೇಳಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬಂಗಾರ, ಯಾವುದಾದರೂ ಸರಿ.

ನಮ್ಮ ಪಾಠ ಯೋಜನೆಯ ಪುಸ್ತಕದಲ್ಲಿ ಈಗ ಕೊನೆಗೆ ಒಂದು ಅಂಕಣ ಸೇರಿಸಿದ್ದೇವೆ. ಅದರ ತಲೆಬರಹ ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’. ಪ್ರಶಿಕ್ಷಣಾರ್ಥಿ ತರಗತಿಯಲ್ಲಿ ಹಾಗೆ ಹೇಳಿದ ಪ್ರಶ್ನೆಗಳನ್ನು ಅಲ್ಲಿ ಬರೆಯಬೇಕು, ಮುಂದಿನ ಪಾಠಕ್ಕೆ ಮೊದಲು ಉತ್ತರ ಒಯ್ಯಬೇಕು. ಹಾಗೆ ಹೇಳಿದ್ದಕ್ಕೆ ಅಂಕ ಕಡಿಯುವಂತಿಲ್ಲ. ಈ ಸಲ ಬೆಟಗೇರಿಯ ಪುಟದಲ್ಲಿ ಒಂದು, ಲಕ್ಷ್ಮೇಶ್ವರದಲ್ಲಿ ಎರಡು ಪ್ರಶ್ನೆಗಳಿದ್ದವು, ಉತ್ತರಗಳು ಹೋಗಿವೆ. ಮುಂಡರಗಿಯ ಪುಟ ಖಾಲಿ, ಅದರ ಬಗ್ಗೆ ಆ ಪ್ರಶಿಕ್ಷಣಾರ್ಥಿಯೊಂದಿಗೆ ಮಾತನಾಡಬೇಕಿದೆ. ಶಿರಹಟ್ಟಿಯ ಪುಟದಲ್ಲಿ ಒಂದೇ ಪ್ರಶ್ನೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರಳು ತೊಳೆದು ಬಂಗಾರ ತೆಗೆಯುತ್ತಿದ್ದದ್ದು, ಆಮೇಲೆ ಕಂಪನಿಗಳು ಬಂದು ಗಣಿ ತೋಡಿ ಬಿಟ್ಟುಹೋದದ್ದು ಅಲ್ಲಿನ ಮಕ್ಕಳಿಗೆ ಗೊತ್ತು. ಗುಡ್ಡ 2019ರಲ್ಲಿ ವನ್ಯಜೀವಿಧಾಮವಾದದ್ದೂ ಗೊತ್ತು. “ರೇಟು ಹಿಂಗ ಏರಿಕೋತ ಹೋದ್ರ ನಮ್ಮ ಗುಡ್ಡಾ ಮತ್ತ ಅಗಿತಾರೇನ್ರಿ?” ಎಂದು ಎಂಟನೆಯ ಸಾಲಿನ ಹುಡುಗಿ ಕೇಳಿದ್ದಾಳೆ. ಪ್ರಶಿಕ್ಷಣಾರ್ಥಿ ವನ್ಯಜೀವಿ ಕಾಯಿದೆಯ ಕನ್ನಡ ಪ್ರತಿ ಹುಡುಕುತ್ತಿದ್ದಾನೆ. ಮುಂದಿನ ಬುಧವಾರ ಅವನ ಪಾಠವಿದೆ.